ಅವ್ವನ ಕಿಟ್ಲಿ, ತತ್ತಿಯ ಅಚ್ಚು

ನನ್ನ ಹೆಸರಿನ ಜೊತೆ ಡಾಕ್ಟರ್ ಸೇರಿದ್ದನ್ನು ನೋಡಿ ಊರಿನವರು ಈಗಲೂ ಮೊಣಕಾಲು ನೋವಿಗೆ ಗುಳಿಗೆ ಕೇಳುತ್ತಾರೆ. ನಾನು ಆ ಡಾಕ್ಟರ್ ಅಲ್ಲ ಎಂದರೆ, ಮತ್ತೆ ಯಾವ ಡಾಕ್ಟರ್ ಎನ್ನುತ್ತಾರೆ. ಪಾಲಿಮರ್ ಪುಡಿಯಲ್ಲಿ ತತ್ತಿಯ ಅಚ್ಚು ತೆಗೆದ ಡಾಕ್ಟರ್ ಅಂತ ಹೇಳಿದರೆ ಮುಖ ಮುಖ ನೋಡುತ್ತಾರೆ. ನಾನು ಮಾಡಿದ್ದು ಏನೆಂದು ಇಡೀ ಊರಲ್ಲಿ ಸರಿಯಾಗಿ ತಿಳಿದುಕೊಂಡವಳು ಒಬ್ಬಳೇ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಅವ್ವ. ಅವಳಿಗೂ ತಿಳಿಯದೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಬಹಳ ಸಲ ಅನ್ನಿಸಿದೆ.

ನಮ್ಮದು ಉಗಾರ ಖುರ್ದದ ಹತ್ತಿರದ ಹಳ್ಳಿ. ಜೈನರ ಮನೆ. ಅಪ್ಪ ನಾನು ಸಣ್ಣವಳಿದ್ದಾಗಲೇ ಹೋದ. ಅವ್ವ ಎರಡು ಎಮ್ಮೆ ಕಟ್ಟಿಕೊಂಡು, ಮನೆ ಮನೆಗೆ ಹಾಲು ಹಾಕಿ ನನ್ನನ್ನು ಎಮ್ಮೆಸ್ಸಿ ತನಕ ಓದಿಸಿದಳು. ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಸೋಸದ ನೀರು ಬಾಯಿಗೆ ಹಾಕುವಂತಿಲ್ಲ. ತತ್ತಿ ಎಂಬ ಶಬ್ದವನ್ನೂ ಅವ್ವ ಅಡುಗೆಮನೆಯಲ್ಲಿ ಆಡುತ್ತಿರಲಿಲ್ಲ. ಹೇಳಲೇಬೇಕಾಗಿ ಬಂದರೆ ಅಂಗಳಕ್ಕೆ ಬಂದು ‘ಅದು’ ಅನ್ನುತ್ತಿದ್ದಳು. ಅವಳಿಗೆ ಇದ್ದ ಒಂದೇ ಚಟವೆಂದರೆ ಹಾಲು. ಬೆಳಿಗ್ಗೆ ದಪ್ಪ ಹಾಲಿನ ಚಹಾ, ಸಂಜೆ ಊಟದ ಕೊನೆಗೆ ಒಂದು ಲೋಟ ಬಿಸಿ ಹಾಲು, ಮೇಲಿನ ಕೆನೆ ಬೆರಳಲ್ಲಿ ತೆಗೆದು ತಿನ್ನುವುದು.

ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಪಿಎಚ್‌ಡಿ ಇಲ್ಲದಿದ್ದರೆ ಮುಂದೆ ನೌಕರಿಯೇ ಉಳಿಯುವುದಿಲ್ಲ ಎಂಬ ಗಾಳಿ ಎದ್ದಿತ್ತು. ನಿಪ್ಪಾಣಿ ದಾಟಿ, ಕೊಗನೊಳ್ಳಿಯ ನಾಕಾ ದಾಟಿ ಆಚೆ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಗೈಡ್ ಸಿಕ್ಕರು. ಅವರು ಕೊಟ್ಟ ವಿಷಯ ಪ್ರೋಟೀನಿನ ಅಚ್ಚು.

ಅದನ್ನು ನಾನು ಅವ್ವನಿಗೆ ಬೆಲ್ಲದಿಂದ ತಿಳಿಸಿ ಹೇಳಿದ್ದೆ. ಬೆಲ್ಲ ಇನ್ನೂ ಮೆತ್ತಗಿರುವಾಗ ಅದರೊಳಗೆ ಒಂದು ಹುಣಸೆ ಬೀಜ ಒತ್ತಬೇಕು. ಬೆಲ್ಲ ಗಟ್ಟಿಯಾದ ಮೇಲೆ ಬೀಜ ಕಿತ್ತು ತೆಗೆದರೆ ಅದರ ಆಕಾರದ ಕುಳಿ ಉಳಿಯುತ್ತದೆ. ಆ ಕುಳಿಯಲ್ಲಿ ಹುಣಸೆ ಬೀಜ ಕೂರುತ್ತದೆ, ಕಡಲೆ ಕೂರುವುದಿಲ್ಲ. ಬೆಲ್ಲದ ಜಾಗದಲ್ಲಿ ಪಾಲಿಮರ್, ಬೀಜದ ಜಾಗದಲ್ಲಿ ಪ್ರೋಟೀನ್, ಅಷ್ಟೇ. ಹತ್ತು ಪ್ರೋಟೀನು ಬೆರೆತ ನೀರಿನಲ್ಲಿ ಆ ಪುಡಿ ಹಾಕಿದರೆ ತನ್ನದನ್ನು ಮಾತ್ರ ಹಿಡಿದುಕೊಳ್ಳಬೇಕು. ಕೇಳಲು ಬಹಳ ಸುಲಭ. ಕಷ್ಟವೆಲ್ಲ ಬೀಜ ಕೀಳುವುದರಲ್ಲಿ. ಪುಡಿಯನ್ನು ಸಾಬೂನಿನ ನೀರು, ಆಮ್ಲ ಹಾಕಿ ದಿನಗಟ್ಟಲೆ ತೊಳೆಯಬೇಕು. ಒಳಗೆ ಒಂದಿಷ್ಟು ಪ್ರೋಟೀನು ಸಿಕ್ಕಿಕೊಂಡು ಉಳಿದರೆ ಅದು ಆಮೇಲೆ ಯಾವಾಗಲೋ ಸೋರುತ್ತದೆ. ಆಗ ಪುಡಿ ಎದುರಿಗಿನ ನೀರಿನಲ್ಲಿ ಇಲ್ಲದ್ದನ್ನು ಇದೆ ಎಂದು ತೋರಿಸುತ್ತದೆ.

ಗೈಡ್ ಹೇಳಿದ ಪ್ರೋಟೀನು ತತ್ತಿಯ ಬಿಳಿಯಲ್ಲಿ ಇರುವಂಥದ್ದು, ಲೈಸೋಜೈಮ್. ಹಾಲಿನದು ತೆಗೆದುಕೊಳ್ಳೋಣವೇ ಎಂದು ನಾನು ಬಾಯಿ ಬಿಟ್ಟು ಕೇಳಿದೆ. ಅವರು ನಕ್ಕುಬಿಟ್ಟರು.

"ಕಾಯ್ ಮೇಡಮ್, ತತ್ತಿಗೆ ಅಂಜಿದ್ರ ಹೆಂಗ? ಇದು ಸಸ್ತಾ ಐತಿ, ಗಟ್ಟಿ ಐತಿ, ಜಗತ್ತೆಲ್ಲಾ ಇದರ ಮ್ಯಾಲ ಕೆಲಸ ಮಾಡತೈತಿ. ನಿಮ್ಮ ದೇವರಿಗೆ ನಾ ಬೇಕಾದ್ರ ಚಿಠ್ಠಿ ಬರದು ಕೊಡ್ತೀನಿ" ಎಂದರು.

ಸುತ್ತ ಕೂತ ಹುಡುಗರೂ ನಕ್ಕರು. ನಾನೂ ಹಲ್ಲು ಕಿರಿದೆ. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ, ಅವರ ಮೇಲಲ್ಲ, ನನ್ನ ಮೇಲೆ.

ಮನೆಗೆ ಬಂದು ಅವ್ವನಿಗೆ ಹಾಲಿನ ಪ್ರೋಟೀನಿನ ಅಚ್ಚು ಎಂದು ಹೇಳಿದೆ. ಒಂದು ಶಬ್ದ ಬದಲಿಸಿದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡಿದ್ದೆ. ಅವಳು ಬಸದಿಯಲ್ಲಿ, ಬಾವಿಕಟ್ಟೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಎಲ್ಲರಿಗೂ ಸಾರಿದಳು. "ನನ್ನ ಮಗಳು ಹಾಲಿಂದ ದೊಡ್ಡ ಶೋಧ ಮಾಡಾಕತ್ತಾಳ." ಅಷ್ಟಕ್ಕೇ ಬಿಡಲಿಲ್ಲ. ಎರಡು ವಾರಕ್ಕೊಮ್ಮೆ ಬೆಳಗಿನ ಪ್ಯಾಸೆಂಜರ್ ಹಿಡಿದು, ಚಿಕ್ಕೋಡಿ ರೋಡ್ ಸ್ಟೇಶನ್ನಿನಲ್ಲಿ ಇಳಿದು, ಬಸ್ಸು ಹತ್ತಿ, ಕಾಲೇಜಿಗೇ ಹಾಲು ತರತೊಡಗಿದಳು. ಮುಚ್ಚಳ ಗಟ್ಟಿ ಕೂರುವ ಸ್ಟೀಲಿನ ಕಿಟ್ಲಿ, ಅದರ ಹೊಟ್ಟೆಯ ಮೇಲೆ ಅವಳ ಹೆಸರು. ನಮ್ಮ ಕಡೆ ಪಾತ್ರೆ ಕೊಂಡ ದಿನವೇ ಅಂಗಡಿಯಲ್ಲಿ ಹೆಸರು ಹೊಡೆಸುತ್ತಾರೆ. ಯಾರ ಮನೆಗೆ ಹೋದರೂ ಗುರುತು ಹಿಡಿದು ವಾಪಸು ಬರಲಿ ಎಂದು. ವಾಪಸು ಕೊಡುವಾಗ ಖಾಲಿ ಕೊಡುವಂತಿಲ್ಲ. ನಾನು ಪ್ರತಿಸಲ ಒಂದು ಹಿಡಿ ಸಕ್ಕರೆ ಹಾಕಿ ಕೊಡುತ್ತಿದ್ದೆ.

"ನಮ್ಮ ಎಮ್ಮಿ ಹಾಲು ಭಾರಿ ದಪ್ಪ. ಇದರಾಗ ನಿನ್ನ ಪ್ರೋಟೀನ ಜಾಸ್ತಿ ಸಿಗತೈತಿ ನೋಡು" ಎನ್ನುತ್ತಿದ್ದಳು.

ಆ ಹಾಲಿನಲ್ಲಿ ನಾವು ಚಹಾ ಮಾಡಿಕೊಂಡು ಕುಡಿಯುತ್ತಿದ್ದೆವು. ನಾವು ಎಂದರೆ ನಾನು ಮತ್ತು ಪ್ರಯೋಗಾಲಯದ ಅಟೆಂಡರ್. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲಾರದ ಮನುಷ್ಯ.

ಒಂದು ಶನಿವಾರ ಕಾಲೇಜು ಅರ್ಧ ದಿನ. ನಿಜವಾದ ತತ್ತಿಯ ಬಿಳಿಯಲ್ಲಿ ನನ್ನ ಪುಡಿ ತನ್ನ ಪ್ರೋಟೀನನ್ನು ಹಿಡಿಯುತ್ತದೋ ಇಲ್ಲವೋ ನೋಡಬೇಕಿತ್ತು. ಬಸ್ ಸ್ಟ್ಯಾಂಡಿನ ಆಮ್ಲೆಟ್ ಗಾಡಿಯವನ ಹತ್ತಿರ ಅಟೆಂಡರನಿಂದ ಆರು ತತ್ತಿ ತರಿಸಿದ್ದೆ. ಬಿಳಿ ಬೇರೆ ಮಾಡಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು, ಪ್ರಯೋಗಾಲಯದ ಫ್ರಿಜ್ ಬಂದ್ ಬಿತ್ತು. ಸ್ಟೋರಿನವನು ಪುಣ್ಯಾತ್ಮ, ಮುಚ್ಚಳದ ಬಾಟಲಿಗಳನ್ನೆಲ್ಲ ಒಳಗಿಟ್ಟು ಬೀಗ ಜಡಿದು ಹೋಗಿದ್ದ. ಗೈಡ್ ಮಂಗಳವಾರ ಫಲಿತಾಂಶ ಬೇಕು ಎಂದಿದ್ದರು. ಮೇಜಿನ ಮೇಲೆ ತೊಳೆದು ಬೋರಲು ಹಾಕಿದ ಅವ್ವನ ಕಿಟ್ಲಿ ಇತ್ತು.

ಅದರಲ್ಲಿ ಸುರಿದೆ. ಸುರಿಯುವಾಗ ಕೈ ನಡುಗಿತು ಎಂದು ಬರೆದರೆ ಚೆಂದ ಕಾಣುತ್ತದೆ. ನಡುಗಲಿಲ್ಲ. ಬಾಡಿಗೆ ಮನೆಗೆ ಒಯ್ದು ನನ್ನ ಫ್ರಿಜ್ಜಿನಲ್ಲಿಟ್ಟೆ. ಸೋಮವಾರ ಕೆಲಸ ಮುಗಿದ ಮೇಲೆ ಕಿಟ್ಲಿಯನ್ನು ಬಿಸಿನೀರು, ಸಾಬೂನು, ಕೊನೆಗೆ ನನ್ನ ಪುಡಿ ತೊಳೆಯುವ ಆಮ್ಲದಲ್ಲೂ ತೊಳೆದೆ. ಒಂದು ಹಿಡಿ ಸಕ್ಕರೆ ಹಾಕಿ ಅವ್ವನಿಗೆ ಮುಟ್ಟಿಸಿದೆ.

ಅದು ಭಾದ್ರಪದ. ಬಸದಿಯಲ್ಲಿ ಎರಡೇ ದಿನಕ್ಕೆ ದಶಲಕ್ಷಣ ಪರ್ವ ಶುರುವಾಯಿತು. ಹತ್ತು ದಿನವೂ ಅಭಿಷೇಕದ ಹಾಲು ಅವ್ವನದೇ, ಅದು ಅವಳು ಅಪ್ಪನ ಹೆಸರಿನಲ್ಲಿ ಹಿಡಿದ ನೇಮ. ಆ ಹಾಲನ್ನು ಅವಳು ಯಾವ ಪಾತ್ರೆಯಲ್ಲಿ ಒಯ್ಯುತ್ತಾಳೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಪರ್ವ ಮುಗಿದ ಮೇಲೆ ಅವಳು ಮತ್ತೆ ಕಾಲೇಜಿಗೆ ಬಂದಳು, ಅದೇ ಕಿಟ್ಲಿಯಲ್ಲಿ ಹಾಲು ತಂದಿದ್ದಳು. ಅಟೆಂಡರ್ ಹಾಲನ್ನು ಬೇರೆ ಪಾತ್ರೆಗೆ ಸುರಿದುಕೊಳ್ಳುತ್ತ ಪ್ರೀತಿಯಿಂದಲೇ ಹೇಳಿದ.

"ಅವ್ವಾರ, ನಿಮ್ಮ ಕಿಟ್ಲಿ ನಮ್ಮ ಮೇಡಮ್ಮಾರಿಗೆ ಭಾಳ ಕೆಲಸಕ್ಕ ಬಂತ್ರಿ. ಮೊನ್ನೆ ತತ್ತಿ ಬಿಳೆ ಇಡಾಕ ಬ್ಯಾರೆ ಏನೂ ಸಿಗಲಿಲ್ಲ ನೋಡ್ರಿ, ಇದರಾಗ ಇಟ್ವಿ."

ಅವ್ವ ಮೊದಲು ನಕ್ಕಳು, ಚೇಷ್ಟೆ ಮಾಡುತ್ತಾನೆಂದು. ಆಮೇಲೆ ನನ್ನ ಮುಖ ನೋಡಿದಳು. ಅಟೆಂಡರ್ ನಾಲಿಗೆ ಕಚ್ಚಿಕೊಂಡು ಹೊರಗೆ ಹೋದ.

"ಖರೇನ?"

"ಹೂಂ ಅವ್ವಾ."

"ಯಾಕ? ನಿಂದು ಹಾಲಿನ ಕೆಲಸ ಅಲ್ಲಾ?"

ಆಗ ಎಲ್ಲ ಹೇಳಿದೆ. ಸ್ಟೂಲಿನ ಮೇಲೆ ಕೂತು ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತಾಡಿ ಹಗುರಾಗುತ್ತಿದ್ದೆ.

"ಅದು ಬರೇ ಅದರಾಗ ಅಷ್ಟ ಇರತೈತೇನ? ಬ್ಯಾರೆ ಎಲ್ಲೂ ಇಲ್ಲಾ?" ಎಂದು ಕೇಳಿದಳು.

"ಐತಿ. ಮನಶ್ಯಾರ ಕಣ್ಣೀರಾಗೂ ಐತಿ. ತುಸು ಬ್ಯಾರೆ ನಮೂನಿ."

"ಹಂಗಾದ್ರ ಅದರಾಗಿಂದ ತಗೀಬೇಕಿತ್ತು. ನಮ್ಮ ಮನ್ಯಾಗ ಅದಕ್ಕೇನ ಬರ ಇತ್ತು?"

ಅವಳು ಖಾಲಿ ಕಿಟ್ಲಿಯನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಹೆಸರಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು.

"ಹತ್ತ ದಿನಾ ಇದರಾಗ ಹಾಲು ಒಯ್ದು ಸ್ವಾಮಿ ಮ್ಯಾಲ ಹಾಕಿಸೀನಿ. ನಿಮ್ಮಪ್ಪನ ಹೆಸರ್ಲೆ."

"ಅವ್ವಾ, ನಾ ಮೂರು ಸಲ ತೊಳದೀನಿ. ಒಳಗ ಏನೂ ಇರಂಗಿಲ್ಲ."

"ಇರಂಗಿಲ್ಲ ಅಂತ ನಿನಗ ಹೆಂಗ ಗೊತ್ತು? ನಿನ್ನ ಪುಡಿ ಅದನ್ನ ಎಲ್ಲಿದ್ರೂ ಹುಡುಕಿ ಹಿಡೀತೈತಿ ಅಂದಿದ್ದೆಲ್ಲಾ. ಇದರಾಗ ಹಿಡದು ನೋಡು. ಇಲ್ಲಾ ಅಂದ್ರ ಇಲ್ಲಾ. ಐತಿ ಅಂದ್ರ ನಾ ಏನ ಪ್ರಾಯಶ್ಚಿತ್ತ ತಗೋಬೇಕೋ ತಗೋತೀನಿ. ಸುಳ್ಳ ಮಾತ್ರ ಹೇಳಬ್ಯಾಡ."

ಕಿಟ್ಲಿ ಅಲ್ಲೇ ಬಿಟ್ಟು, ಹಗಲಿನ ಊಟ ತಪ್ಪಬಾರದೆಂದು ಮಧ್ಯಾಹ್ನದ ಬಸ್ಸಿಗೆ ಹೋದಳು.

ಅವತ್ತೇ ನೋಡಿದೆ. ಕಿಟ್ಲಿಯಲ್ಲಿ ತುಸು ಉಪ್ಪಿನ ದ್ರಾವಣ ಹಾಕಿ ಮುಚ್ಚಳ ಬಿಗಿದು ಅಲ್ಲಾಡಿಸಿದೆ. ಆ ನೀರನ್ನು ನನ್ನ ಪುಡಿಯ ಮೇಲೆ ಬಿಟ್ಟು ಎರಡು ತಾಸು ಕಾದೆ. ಪುಡಿ ಹಿಡಿದದ್ದನ್ನು ಬಿಡಿಸಿ, ಬೆಳಕು ಹಾಯಿಸಿ ಅಳೆಯುವ ಯಂತ್ರದಲ್ಲಿಟ್ಟೆ. ಇದೆ ಎಂದು ತೋರಿಸಿತು. ಬಹಳವಲ್ಲ, ಆದರೆ ಇಲ್ಲ ಎನ್ನುವ ಹಾಗೂ ಇರಲಿಲ್ಲ. ಹಾಲಿನದನ್ನು ಹಿಡಿದಿರಬಹುದು ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. ಈ ಪುಡಿ ಹಾಲಿನ ಪ್ರೋಟೀನನ್ನು ಮೂಸಿಯೂ ನೋಡುವುದಿಲ್ಲ ಎಂದು ನಾನೇ ನಾಲ್ಕು ಪುಟ ಬರೆದಿದ್ದೆ.

ಅದಕ್ಕೆ ಎರಡೇ ಅರ್ಥ. ಒಂದು, ಅಷ್ಟೆಲ್ಲ ತೊಳೆದರೂ ಕಿಟ್ಲಿಯಲ್ಲಿ ತತ್ತಿ ಉಳಿದಿತ್ತು. ಇಲ್ಲವೇ ಕಿಟ್ಲಿ ಶುದ್ಧವಿತ್ತು, ನನ್ನ ಪುಡಿಯಲ್ಲೇ ಹಳೇ ತತ್ತಿ ಉಳಿದು ಸೋರುತ್ತಿತ್ತು. ಯಾವುದು ನಿಜ ಎಂದು ತಿಳಿಯುವುದು ದೊಡ್ಡ ವಿದ್ಯೆಯಲ್ಲ. ಕಿಟ್ಲಿಯನ್ನೇ ಮುಟ್ಟದ ಬರೀ ಉಪ್ಪಿನ ದ್ರಾವಣವನ್ನು ಅದೇ ಪುಡಿಯ ಮೇಲೆ ಬಿಟ್ಟು ನೋಡಬೇಕು. ಖಾಲಿ ಪರೀಕ್ಷೆ ಎನ್ನುತ್ತೇವೆ. ಬಿ.ಎಸ್ಸಿ. ಮೊದಲ ವರ್ಷದ ಮಕ್ಕಳಿಗೆ ನಾನೇ ಕಲಿಸುವ ಪಾಠ. ಅರ್ಧ ದಿನದ ಕೆಲಸ.

ನಾನು ಮಾಡಲಿಲ್ಲ. ನನ್ನ ಲೇಖನ ಆಗಷ್ಟೇ ಸ್ವೀಕಾರವಾಗಿತ್ತು. ಅಚ್ಚಿನಿಂದ ಏನೂ ಸೋರುವುದಿಲ್ಲ ಎಂಬ ಸಾಲು ಅದರಲ್ಲಿತ್ತು. ಕೊನೆಯ ಸಲ ತೊಳೆದ ನೀರಿನಲ್ಲಿ ಏನೂ ಕಾಣಲಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಬರೆದದ್ದು. ಇನ್ನೂ ನೋಡಬೇಕೇ ಸರ್ ಎಂದು ಕೇಳಿದ್ದಕ್ಕೆ, ಯಾರಾದರೂ ಕೇಳಿದಾಗ ನೋಡೋಣ ಎಂದು ಗೈಡ್ ಕೈ ತೊಳೆದುಕೊಂಡಿದ್ದರು. ಈಗ ಖಾಲಿ ಪರೀಕ್ಷೆ ಮಾಡಿ ಪುಡಿ ಸೋರಿದರೆ ಮೂರು ವರ್ಷದ ಕೆಲಸಕ್ಕೆ ಎಳ್ಳುನೀರು ಬಿಡಬೇಕು. ಸೋರದಿದ್ದರೆ ಅವ್ವನ ಮುಂದೆ ಹೋಗಿ, ಹತ್ತು ದಿನ ನೀನು ಸ್ವಾಮಿಯ ಮೇಲೆ ತತ್ತಿ ಸೋಂಕಿದ ಹಾಲು ಹಾಕಿಸಿದೆ ಎಂದು ಹೇಳಬೇಕು. ಎರಡಕ್ಕೂ ನನಗೆ ಧೈರ್ಯವಿರಲಿಲ್ಲ. ಪುಡಿಯನ್ನು ಒಂದು ಸಣ್ಣ ಶೀಶೆಗೆ ತುಂಬಿ ಡ್ರಾಯರಿನಲ್ಲಿಟ್ಟೆ.

ಭಾನುವಾರ ಊರಿಗೆ ಹೋದೆ. ಅವ್ವ ಎಮ್ಮೆಗೆ ಮೇವು ಹಾಕುತ್ತಿದ್ದಳು.

"ಏನಂತು?" ಎಂದಳು.

"ತುಸು ತೋರಿಸ್ತು ಅವ್ವಾ. ಆದ್ರ ಅದು ಕಿಟ್ಲ್ಯಾಗಿಂದಲ್ಲ. ಪುಡಿಯೊಳಗ ಮದಲಿಂದು ಉಳದಿರತೈತಿ, ಅದು ಸೋರತೈತಿ. ಕಿಟ್ಲಿ ಸ್ವಚ್ಛ ಇತ್ತು."

"ನಿನ್ನ ಪುಡಿ ಸೋರತೈತಿ?"

"ಸೋರತೈತಿ."

ಅವ್ವ ಮೇವಿನ ಸಿವುಡು ಕೆಳಗಿಟ್ಟು ಆಕಾಶಕ್ಕೆ ಕೈ ಮುಗಿದಳು. ಅವಳ ಮುಖ ಸಡಿಲಾಯಿತು. ಅವತ್ತು ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಎಂದಿನಂತೆ ಒಂದು ಲೋಟ ಹಾಲು ಕುಡಿದಳು. ನನಗೂ ಕೊಟ್ಟಳು. ಕಿಟ್ಲಿಯನ್ನು ಮಾತ್ರ ಮರಳಿ ಕೇಳಲಿಲ್ಲ. ಇರಲಿ, ನೀನೇ ಇಟ್ಟುಕೋ ಎಂದಳು.

ಮುಂದಿನ ವರ್ಷ ನನ್ನ ವೈವಾ. ಸಭಾಂಗಣದಲ್ಲಿ ಎಲ್ಲರೂ ಕೂತು ಕೇಳುವಂಥದ್ದು. ಬರುತ್ತೇನೆ ಎಂದು ಅವ್ವ ಹಟ ಹಿಡಿದಳು. ಹಸಿರು ಇಳಕಲ್ ಸೀರೆ ಉಟ್ಟು, ಮೊದಲ ಸಾಲಿನ ಕುರ್ಚಿಯಲ್ಲಿ ತುದಿಗೆ ಕೂತಿದ್ದಳು. ನಾನು ಇಂಗ್ಲಿಷಿನಲ್ಲಿ ಹೇಳಿದ್ದೆಲ್ಲ ಅವಳಿಗೆ ಬರೀ ಸದ್ದು. ಅದರಿಂದ ನಾನೂ ನಿರಾಳವಾಗಿ ಒದರಿದೆ.

ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಸಜ್ಜನರು. ಕೊನೆಗೆ ಅವರು ಮೊದಲ ಸಾಲಿನ ಕಡೆ ನೋಡಿ ಮರಾಠಿಯಲ್ಲಿ ಮಾತಾಡಿದರು. ನಿಮ್ಮ ತಾಯಿ ಇಷ್ಟು ದೂರ ಬಂದಿದ್ದಾರೆ, ಒಂದು ಪ್ರಶ್ನೆಯನ್ನಾದರೂ ಅವರಿಗೆ ತಿಳಿಯುವ ಹಾಗೆ ಕೇಳುತ್ತೇನೆ, ನೀವೂ ಮರಾಠಿಯಲ್ಲೇ ಹೇಳಿ ಎಂದರು. ಅವ್ವ ಖುಷಿಯಿಂದ ಸೆರಗು ಸರಿಮಾಡಿಕೊಂಡಳು. ನಮ್ಮ ಕಡೆ ಮರಾಠಿ ಬಾರದವರು ಯಾರು?

ಅವರ ಪ್ರಶ್ನೆ ಇಷ್ಟೇ. ತತ್ತಿಯ ಪ್ರೋಟೀನನ್ನು ತೊಳೆದು ತೆಗೆದಿದ್ದೀರಿ, ಒಳಗೆ ಏನಾದರೂ ಉಳಿದು ಸೋರುತ್ತದೆಯೇ? ನಿಮ್ಮ ಪುಡಿ ಇದೆ ಎಂದು ತೋರಿಸಿದರೆ ನಂಬಬಹುದೇ?

ಗೈಡ್ ನನ್ನನ್ನೇ ನೋಡುತ್ತಿದ್ದರು. ನಾನು ಅವ್ವನ ಕಡೆ ನೋಡಲಿಲ್ಲ.

"ಇಲ್ಲ ಸರ್, ಚೂರೂ ಸೋರುವುದಿಲ್ಲ. ಅದು ಇದೆ ಎಂದು ತೋರಿಸಿದರೆ ಎದುರಿಗಿರುವ ಪಾತ್ರೆಯಲ್ಲಿ ಇದ್ದೇ ಇರುತ್ತದೆ" ಎಂದು ಮರಾಠಿಯಲ್ಲಿ ಹೇಳಿದೆ.

ಪಾತ್ರೆ ಎಂಬ ಶಬ್ದ ನನ್ನ ಬಾಯಿಗೆ ಅದೇ ಹೊತ್ತಿಗೆ ಯಾಕೆ ಬಂತೋ ತಿಳಿಯದು. ಎಲ್ಲರೂ ಚಪ್ಪಾಳೆ ತಟ್ಟಿದರು. ಪೇಢೆ ಹಂಚಿದರು. ಅವ್ವ ಕೈಯೊಡ್ಡಿ ಪೇಢೆ ತೆಗೆದುಕೊಂಡಳು, ತಿನ್ನಲಿಲ್ಲ. ಕರವಸ್ತ್ರದಲ್ಲಿ ಕಟ್ಟಿಕೊಂಡಳು.

ವಾಪಸು ಬರುವಾಗ ನಿಪ್ಪಾಣಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಎರಡು ಚಹಾ ಹೇಳಿದೆ. ಚಹಾ ಬಂತು. ಅವ್ವ ತನ್ನ ಕಪ್ಪನ್ನು ನನ್ನ ಕಡೆ ಸರಿಸಿದಳು.

"ಎರಡೂ ನೀನ ಕುಡಿ."

"ಯಾಕ ಅವ್ವಾ?"

"ನನಗ ಪುಡಿ ಸೋರತೈತಿ ಅಂದಿ. ಅವರಿಗೆ ಸೋರಂಗಿಲ್ಲ ಅಂದಿ. ಎರಡರಾಗ ಒಂದು ಸುಳ್ಳ ಐತಿ. ಯಾವದು?"

ಕ್ಯಾಂಟೀನಿನ ತುಂಬ ಗದ್ದಲ. ಸಂಕೇಶ್ವರದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ನನ್ನ ಕೈಯಲ್ಲಿ ವಿಶ್ವವಿದ್ಯಾಲಯದವರು ಕೊಟ್ಟ ಹೂಗುಚ್ಛ ಇತ್ತು.

"ನನಗ ಗೊತ್ತಿಲ್ಲ ಅವ್ವಾ" ಎಂದೆ. ಆ ಪರೀಕ್ಷೆಯ ಬಗ್ಗೆ ನಾನು ಆಡಿದ ಒಂದೇ ಖರೇ ಮಾತು ಅದು.

"ಗೊತ್ತ ಮಾಡಿಕೊಂಡು ಬಂದು ಹೇಳು. ಅಲ್ಲೀತನಕ ನಾ ಹಾಲು ಬಿಟ್ಟೀನಿ" ಎಂದಳು. ಕ್ಯಾಂಟೀನಿನವನಿಗೆ ಕೈ ಮಾಡಿ, ಹಾಲು ಹಾಕದ ಚಹಾ ಕೊಡಪ್ಪಾ ಎಂದಳು.

ನಮ್ಮಲ್ಲಿ ವ್ರತವೆಂದು ಹಾಗೆ ಒಂದು ರಸ, ಒಂದು ರುಚಿಯ ಪದಾರ್ಥ ಬಿಡುವುದು ಹೊಸದೇನಲ್ಲ. ಉಪ್ಪು ಬಿಡುವವರಿದ್ದಾರೆ, ತುಪ್ಪ ಬಿಡುವವರಿದ್ದಾರೆ. ಬಸದಿಯಲ್ಲಿ ಎಲ್ಲರೂ, ಮಗಳ ಡಾಕ್ಟರಕೀಗೆ ಹರಕೆ ಹೊತ್ತು ಹಾಲು ಬಿಟ್ಟಿದ್ದಾಳೆ ಎಂದುಕೊಂಡರು. ಅವಳು ಯಾರಿಗೂ ಬೇರೆ ಹೇಳಲಿಲ್ಲ. ಎಮ್ಮೆ ಹಿಂಡಿದಳು, ಹಾಲು ಕಾಸಿದಳು, ಮಂದಿಗೆ ಹಾಕಿದಳು, ಕರೀ ಚಹಾ ಕುಡಿದಳು.

ನಾಳೆ ಮಾಡುತ್ತೇನೆ, ಪರೀಕ್ಷೆ ಮುಗಿದ ಮೇಲೆ ಮಾಡುತ್ತೇನೆ ಎಂದು ನಾನು ಮುಂದೂಡಿದೆ. ನೌಕರಿ ಕಾಯಂ ಆಯಿತು. ಬಡ್ತಿ ಬಂತು. ಆ ಲೇಖನದ ಮೇಲೆ ಒಂದು ಸನ್ಮಾನವೂ ಆಯಿತು, ಶಾಲು ಹೊದಿಸಿದರು. ಒಮ್ಮೆ ಧೈರ್ಯ ಮಾಡಿ ಡ್ರಾಯರ್ ತೆಗೆದು ನೋಡಿದರೆ ಶೀಶೆಯಲ್ಲಿ ಪುಡಿ ಒಣಗಿ, ಹಳದಿಗಟ್ಟಿ, ಸುಣ್ಣದ ಹೆಂಟೆಯಂತಾಗಿತ್ತು. ಇನ್ನು ಅದನ್ನು ಪರೀಕ್ಷಿಸಿ ಏನೂ ಉಪಯೋಗವಿರಲಿಲ್ಲ. ಹೊಸದಾಗಿ ಮಾಡಿದರೆ ಅದು ಬೇರೆ ಪುಡಿ. ನಿಜ ಹೇಳಬೇಕೆಂದರೆ ನನಗೆ ಆವತ್ತು ಹಗುರವಾಯಿತು. ಇಂಥ ಹಗುರಕ್ಕೆ ಬೆಂಕಿ ಹಾಕಬೇಕು.

ಹಾಲು ಬಿಟ್ಟ ಐದನೇ ವರ್ಷ ಅವ್ವ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಟೊಳ್ಳಾಗಿದೆ, ದಿನಾ ಎರಡು ಹೊತ್ತು ಹಾಲು ಕುಡಿಸಿ ಎಂದು ಅಥಣಿಯ ಡಾಕ್ಟರು ಹೇಳಿದರು. ಅವರು ನಿಜವಾದ ಡಾಕ್ಟರು. ಅವಳನ್ನು ಊರಿಗೆ ಕರೆತಂದು, ರಜೆ ಹಾಕಿ ಹತ್ತಿರ ಉಳಿದೆ. ಮಧ್ಯಾಹ್ನ ಹಾಲು ಕಾಸಿ ಲೋಟಕ್ಕೆ ಹಾಕಿ ಮಂಚದ ಹತ್ತಿರ ಒಯ್ದೆ.

"ನೋಡೀನಿ ಅವ್ವಾ. ಪುಡೀನ ಸೋರತಿತ್ತು. ಕಿಟ್ಲಿ ಸ್ವಚ್ಛ ಇತ್ತು. ಇನ್ನ ಹಾಲು ಕುಡಿ" ಎಂದೆ.

ಅವಳ ಕಣ್ಣು ತುಂಬಿ ಬಂದವು. ದಿಂಬಿಗೆ ಒರಗಿಕೊಂಡು ಎದ್ದು ಕೂತಳು. ಎರಡೂ ಕೈಯಿಂದ ಲೋಟ ತೆಗೆದುಕೊಂಡಳು. ಬಾಯಿಯ ತನಕ ಒಯ್ದವಳು ಅಲ್ಲೇ ನಿಲ್ಲಿಸಿ ನನ್ನನ್ನು ನೋಡಿದಳು.

"ಮತ್ತ ಆ ಹಿರ್ಯಾರಿಗೆ ಹೋಗಿ ಹೇಳಿ ಬಂದೇನ? ಸೋರತಿತ್ತು, ನಾ ತಪ್ಪ ಹೇಳೀನಿ ಅಂತ?"

ಹೌದು ಎಂದು ಒಂದು ಶಬ್ದ ಹೇಳಿದ್ದರೆ ಸಾಕಿತ್ತು. ಅಷ್ಟು ಸುಳ್ಳು ಹೇಳಿದವಳಿಗೆ ಅದೇನು ದೊಡ್ಡದಾಗಿರಲಿಲ್ಲ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಬಾಯಿ ಏಳಲಿಲ್ಲ.

ಅವ್ವ ಲೋಟವನ್ನು ನನ್ನ ಕೈಗೆ ವಾಪಸು ಕೊಟ್ಟಳು. ಸಿಟ್ಟಿಲ್ಲ, ಏನಿಲ್ಲ. "ತಗೋ. ಚೆಲ್ಲಬ್ಯಾಡ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಹಾಲು ಚೆಲ್ಲುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಹೊತ್ತು ಮುಳುಗುವ ಮುಂಚೆ ಅಡುಗೆಮನೆಯಲ್ಲಿ ನಿಂತು, ಮೇಲೆ ಕಟ್ಟಿದ ಕೆನೆಯ ಸಮೇತ ನಾನೇ ಕುಡಿದೆ.